ಹೆಂಚು ಇಳಿಸುವ ಮೊದಲು ರಾಗಿ ಸಾಗಿಸೋಣ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ ನಮಗೆಲ್ಲ ಗೊತ್ತು. ಬೊಮ್ಮಣ್ಣ ದಂಡನಾಯಕ ಅದನ್ನು 1246ರಲ್ಲಿ ಕಟ್ಟಿಸಿದ. ಗೋಡೆಯ ಶಿಲ್ಪಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಓದಲು ಕಲಿತ ಮೇಲೆ ನಾವು ಆ ಅಕ್ಷರಗಳನ್ನು ನೋಡಲು ಹೋದೆವು. ಹಳೆಯ ಲಿಪಿ, ನಮಗೆ ಹತ್ತಲಿಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಇನ್ನು ಕಲ್ಲು ಸವೆದರೂ ಪುಸ್ತಕದಲ್ಲಿ ನಕಲು ಇದೆ.

ನಮ್ಮ ಸಂಘದ ಲೆಕ್ಕ ಕಲ್ಲಿನಲ್ಲಿಲ್ಲ. ಕಂಪ್ಯೂಟರಿನಲ್ಲಿದೆ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ತೀರಿತು, ಎಲ್ಲ ಅದರಲ್ಲೇ. ಕಂಪ್ಯೂಟರ್ ಹಳೆಯದು. ಅದರಲ್ಲಿ ವಿಂಡೋಸ್ 7 ಇತ್ತು.

ವಿಂಡೋಸ್ ಅಂದರೇನು? ಕಂಪ್ಯೂಟರ್ ಹಾಕಿದಾಗ ಏಳುವ ಮುಖ್ಯ ತಂತ್ರಾಂಶ ಅದು. ಉಳಿದ ಕೆಲಸವನ್ನೆಲ್ಲ ಅದೇ ನಡೆಸುತ್ತದೆ. ಮನೆಗೆ ಯಜಮಾನಿ ಇದ್ದ ಹಾಗೆ. ಕಳ್ಳರು ನುಗ್ಗುವ ಸಂದುಗಳು ಕಂಡಾಗ ಕಂಪನಿಯವರು ತಿದ್ದುಪಡಿ ಕಳಿಸಿ ಮುಚ್ಚುತ್ತಾರೆ. ವಿಂಡೋಸ್ 7ಕ್ಕೆ ಆ ಮಾಮೂಲಿ ತಿದ್ದುಪಡಿ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ಹೊಸದು ಹಾಕಿಸಬೇಕು ಅಂತ ನಾವು ಕಂಪ್ಯೂಟರನ್ನು ಪಟ್ಟಣದ ಒಂದು ಅಂಗಡಿಗೆ ಕೊಟ್ಟೆವು.

ಎರಡು ದಿನಕ್ಕೆ ವಾಪಸ್ಸು ಬಂತು. ಪೆಟ್ಟಿಗೆ ಅದೇ. ಒಳಗೆ ಲೆಕ್ಕವೇ ಇಲ್ಲ! ಕೇಳಿದರೆ, "ಎಲ್ಲ ಅಳಿಸಿ ಹೊಸದಾಗಿ ಹಾಕಿದ್ವಿ. ನಿಮ್ಮ ಲೆಕ್ಕ ನೀವು ಎತ್ತಿಟ್ಕೊಂಡಿಲ್ವಾ?" ಅಂದರು. ನಾವು ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಆ ವಾರದ ಸಭೆ ಜಗಳದಲ್ಲಿ ಮುಗಿಯಿತು. ಒಬ್ಬ ಅಕ್ಕ ಕೊಬ್ಬರಿ ಮಾರಿದ ದುಡ್ಡಲ್ಲಿ 1,200 ರೂಪಾಯಿ ಕಂತು ಕಟ್ಟಿದ್ದಳು. "ಕಟ್ಟಿದ್ದೀನಿ ಕಣ್ರವ್ವ, ನಾನೇನು ಸುಳ್ಳು ಹೇಳ್ತೀನಾ?" ಅಂತ ಅತ್ತಳು. ಅವಳ ಪಾಸ್ ಪುಸ್ತಕದಲ್ಲಿ ಬರೆದಿತ್ತು, ಬಚಾವಾದಳು. ಎಲ್ಲರ ಪಾಸ್ ಪುಸ್ತಕ ಕೂಡಿಸಿ ಲೆಕ್ಕ ಮತ್ತೆ ಬರೆಯಲು ನಮಗೆ ಒಂದು ತಿಂಗಳು ಹಿಡಿಯಿತು.

ಮನೆಯ ಹೆಂಚು ಇಳಿಸುವ ಮೊದಲು ರಾಗಿ ಮೂಟೆಯನ್ನು ಪಕ್ಕದ ಮನೆಗೆ ಸಾಗಿಸುತ್ತೇವಲ್ಲ? ಇಲ್ಲೂ ಹಾಗೇ ಮಾಡಬೇಕಿತ್ತು. ಇದಕ್ಕೆ ಬ್ಯಾಕಪ್ ಅನ್ನುತ್ತಾರೆ.

ಈಗ ನಾವು ಮಾಡುವುದು ಹೀಗೆ. ಎರಡು ಪೆನ್ ಡ್ರೈವ್ ಇಟ್ಟುಕೊಂಡಿದ್ದೇವೆ. ಲೆಕ್ಕದ ಕಡತಗಳು, ಸಭೆಯ ಫೋಟೋಗಳು, ಅರ್ಜಿಗಳು, ಎಲ್ಲವನ್ನೂ ಎರಡಕ್ಕೂ ನಕಲು ಮಾಡುತ್ತೇವೆ. ಕಡತಗಳು ಒಂದೇ ಕಡೆ ಇರುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಕೆಲವು, ಡೌನ್‌ಲೋಡ್ಸ್‌ನಲ್ಲಿ ಕೆಲವು ಇರುತ್ತವೆ. ಎಲ್ಲಾ ಕಡೆ ಹುಡುಕಬೇಕು. ನಕಲು ಮುಗಿದ ಮೇಲೆ 'ಎಜೆಕ್ಟ್' ಒತ್ತಿ ಪೆನ್ ಡ್ರೈವ್ ತೆಗೆಯುತ್ತೇವೆ. ಸುಮ್ಮನೆ ಕಿತ್ತರೆ ಕಡತ ಕೆಡಬಹುದು.

ನಕಲು ಮಾಡಿದರೆ ಸಾಲದು, ತೆರೆದು ನೋಡಬೇಕು. ಇದು ನಾವು ತಡವಾಗಿ ಕಲಿತದ್ದು. ಒಮ್ಮೆ ಪೆನ್ ಡ್ರೈವನ್ನು ಶಾಲೆಯ ಕಂಪ್ಯೂಟರಿಗೆ ಹಾಕಿದೆವು. ಕಡತ ತೆರೆಯಿತು, ಆದರೆ ಕನ್ನಡದ ಬದಲು ಏನೇನೋ ಗುರುತುಗಳು! ಗಾಬರಿಯಾಯಿತು. ನಾವು ಬರೆದದ್ದು ಹಳೆಯ ನುಡಿ ಅಕ್ಷರದಲ್ಲಿ. ಆ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ. ನುಡಿ ಹಾಕಿದ ಮೇಲೆ ಕನ್ನಡ ಕಾಣಿಸಿತು. ಅಂದಿನಿಂದ ನುಡಿ ತಂತ್ರಾಂಶದ ಪ್ರತಿಯನ್ನೂ ಪೆನ್ ಡ್ರೈವಿನಲ್ಲೇ ಇಟ್ಟಿದ್ದೇವೆ. ಕೊನೆಯ ಸಾಲಿನ ಒಟ್ಟು ಮೊತ್ತವನ್ನು ಪುಸ್ತಕದ ಮೊತ್ತಕ್ಕೆ ತಾಳೆ ನೋಡುತ್ತೇವೆ. ಒಂದು ಪೆನ್ ಡ್ರೈವ್ ಅಧ್ಯಕ್ಷೆಯ ಮನೆಯಲ್ಲಿ, ಇನ್ನೊಂದು ಖಜಾಂಚಿಯ ಮನೆಯಲ್ಲಿ ಇರುತ್ತದೆ.

ಅಂಗಡಿಗೆ ಹೋದಾಗ ಈ ಪೆನ್ ಡ್ರೈವ್ ಕೊಡಬಾರದು. ವಿಂಡೋಸ್ ಹಾಕಲು ಅವರು ಒಂದು ಪೆನ್ ಡ್ರೈವ್ ತಯಾರು ಮಾಡುತ್ತಾರೆ. ಆಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಖಾಲಿ ಪೆನ್ ಡ್ರೈವ್ ಬೇರೆ ಇರಲಿ. ಕೆಲಸ ನಡೆಯುವಾಗ ಕರೆಂಟ್ ಹೋಗಬಾರದು. ನಮ್ಮ ಕಡೆ ಕರೆಂಟನ್ನು ನಂಬಿ ಕೂತರೆ ಆಯಿತು! ಯುಪಿಎಸ್ ಇದೆಯಾ ಅಂತ ಮೊದಲೇ ಕೇಳೋಣ. ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದು ನಮ್ಮ ಹತ್ತಿರವೇ ಬೀಗದಲ್ಲಿಟ್ಟುಕೊಳ್ಳೋಣ.

ಹಳೆಯ ಕಂಪ್ಯೂಟರ್ ಎಲ್ಲವೂ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. 4 ಜಿಬಿ ನೆನಪು, 64 ಜಿಬಿ ಜಾಗ ಇದ್ದರೂ ಸಾಲದು. ಟಿಪಿಎಂ 2.0 ಎಂಬ ರಕ್ಷಣೆಯೂ ಬೇಕು, ಪ್ರೊಸೆಸರೂ ಅದಕ್ಕೆ ಹೊಂದಬೇಕು. ಒಗ್ಗದಿದ್ದರೆ ಕದ್ದ ಪ್ರತಿ ಹಾಕಿಸಿಕೊಳ್ಳುವುದು ಬೇಡ. ಲಿನಕ್ಸ್ ಎಂಬುದು ಪುಕ್ಕಟೆ ಸಿಗುತ್ತದೆ. ಏನನ್ನೂ ಅಳಿಸದೆ ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಅದರಲ್ಲಿ ನಮ್ಮ ಲೆಕ್ಕದ ಕಡತ, ಕನ್ನಡ ಅಕ್ಷರ, ಪ್ರಿಂಟರ್ ಎಲ್ಲ ಸರಿಯಾಗಿ ನಡೆದರೆ ಮಾತ್ರ ಹಾಕಿಸೋಣ.

ಈ ಸಲ ಅಂಗಡಿಗೆ ಹೋಗುವಾಗ ಕಂಪ್ಯೂಟರಿನ ಮೇಲೆ ಒಂದು ಚೀಟಿ ಅಂಟಿಸಿದೆವು. ಬರೆದವಳು ಹೋದ ವರ್ಷ ಅಕ್ಷರ ಕಲಿತ ನಮ್ಮ ಅಕ್ಕ, 1,200 ಕಟ್ಟಿದವಳೇ. ಚೀಟಿ ಹೀಗಿತ್ತು:

"ಇದರಲ್ಲಿ ಸಂಘದ ಲೆಕ್ಕ ಇದೆ. ನಮ್ಮನ್ನು ಕೇಳದೆ ಅಳಿಸಬೇಡಿ."