ಬೆನ್ನು ನೆಟ್ಟಗಾದ ಪಿಕಪ್

ಅಂಧೇರಿಯಲ್ಲಿ ಶೂಟಿಂಗ್ ನಿಂತ ದಿನವಿಲ್ಲ. ಆರಾಮ್ ನಗರ, ಯಾರಿ ರೋಡ್, ಪಕ್ಕದ ಗೋರೆಗಾಂವ್‌ನ ಫಿಲ್ಮ್ ಸಿಟಿ, ಮಢ್‌ನ ಕಡಲಂಚಿನ ಬಂಗಲೆಗಳು. ಕ್ಯಾಮೆರಾ ಎಲ್ಲಿ ನಿಂತರೂ ಅಲ್ಲಿಗೆ ಕರೆಂಟು ಬೇಕು. ದೊಡ್ಡ ಸಿನಿಮಾಗಳಿಗೆ ಲಾರಿಯ ಮೇಲೆ ಕೂರಿಸಿದ ಜನರೇಟರ್ ವ್ಯಾನ್ ಬರುತ್ತದೆ. ಜಾಹೀರಾತಿನ ಒಂದೆರಡು ದಿನದ ಕೆಲಸಕ್ಕೆ, ಬಯಲಿನ ಮದುವೆ ಮಂಟಪಕ್ಕೆ, ಊರಿನಿಂದ ಬಂದ ಮೇಳದ ಯಕ್ಷಗಾನಕ್ಕೆ ಅಷ್ಟು ದೊಡ್ಡದು ಬೇಡ. ಎರಡು ಗಾಲಿಯ ಟ್ರಾಲಿಯ ಮೇಲೆ ಒಂದು ಸೈಲೆಂಟ್ ಜನರೇಟರ್, ಅದನ್ನು ಎಳೆಯಲು ಒಂದು ಪಿಕಪ್ ಇದ್ದರೆ ಆಯಿತು. ಕುಂದಾಪುರದಿಂದ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದು, ಕೊನೆಗೆ ಈ ದಂಧೆಗೆ ಇಳಿದ ನನ್ನ ಅಣ್ಣನದು ಇಂಥದೇ ವ್ಯವಹಾರ. ಅವನ ಬಿಲ್ಲು, ಕಾಗದಪತ್ರ ನೋಡಿಕೊಳ್ಳುವವನು ನಾನಾದ್ದರಿಂದ, ಅವನ ಗಾಡಿಯ ಹಿಂಭಾಗಕ್ಕೆ ಗಾಳಿಚೀಲ ಬಂದ ಕಥೆಗೂ ನಾನೇ ಸಾಕ್ಷಿ.

ಅಣ್ಣನ ಗಾಡಿ ಇಸುಜು ಡಿ-ಮ್ಯಾಕ್ಸ್ ಎಸ್-ಕ್ಯಾಬ್. ಆಂಧ್ರದ ಶ್ರೀಸಿಟಿಯಲ್ಲಿ 2016ರಲ್ಲಿ ಶುರುವಾದ ಕಾರ್ಖಾನೆಯ ಸರಕು. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಮುಂಬಯಿಯ ಗ್ಯಾರೇಜಿನವರು ‘ಪಾಟಾ’ ಎನ್ನುವ ಉಕ್ಕಿನ ಪಟ್ಟಿಗಳ ಅಟ್ಟಿ. ತೊಟ್ಟಿಯಲ್ಲಿ ಕೇಬಲ್ ಸುರುಳಿ, ಲೈಟ್ ಸ್ಟ್ಯಾಂಡು, ಡೀಸೆಲ್ ಕ್ಯಾನು, ಹಿಂದೆ ಟ್ರಾಲಿ. ಟ್ರಾಲಿಯ ಮೂತಿಯನ್ನು ಕೊಂಡಿಗೆ ಸಿಕ್ಕಿಸಿದ ಕೂಡಲೇ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೇಳುತ್ತಿತ್ತು. ರಾತ್ರಿ ಹೆಡ್‌ಲೈಟು ರಸ್ತೆ ಬಿಟ್ಟು ಎದುರಿನ ರಿಕ್ಷಾದವನ ಮುಖಕ್ಕೆ ಹೊಡೆಯುತ್ತಿತ್ತು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಫ್ಲೈಓವರುಗಳ ಜೋಡಣೆಯ ಮೇಲೆ ಹಾದಾಗ ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತಿತ್ತು. “ಗಾಡಿ ಹಿಂದ್ ಕೂಕಂತ್ ಮಾರಾಯ” ಎಂದು ಅಣ್ಣ ಫೋನಿನಲ್ಲಿ ಊರಿನ ಗೆಳೆಯನಿಗೆ ಹೇಳುವುದು ನನಗೆ ಬಾಯಿಪಾಠವಾಗಿತ್ತು.

ಸಾಕಿನಾಕಾದ ಗ್ಯಾರೇಜುಗಳಲ್ಲಿ ಇದಕ್ಕೆ ಸಿಗುವ ಮೊದಲ ಸಲಹೆ ಒಂದೇ: “ಒಂದು ಪಾಟಾ ಜಾಸ್ತಿ ಹಾಕಿಸಿ.” ಅಗ್ಗದ ದಾರಿ. ಆದರೆ ಉಕ್ಕಿನ ಪಟ್ಟಿ ಖಾಲಿ ಗಾಡಿಯಲ್ಲೂ ಅಷ್ಟೇ ಗಡುಸು. ಟ್ರಾಲಿ ಇಲ್ಲದ ದಿನ ಮರೋಳದ ಹೊಂಡಗಳ ಮೇಲೆ ಹಿಂದಿನ ಗಾಲಿಗಳು ಕುಣಿಯುತ್ತವೆ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಡಿತ ತಪ್ಪುತ್ತದೆ. ಅಣ್ಣನ ಗಾಡಿ ವಾರದಲ್ಲಿ ಅರ್ಧ ಖಾಲಿಯೇ ಓಡುವುದರಿಂದ, ಬೇಕಾದಾಗ ಗಡುಸಾಗಿ ಬೇಡವಾದಾಗ ಮೆತ್ತಗಾಗುವ ಗಾಳಿಚೀಲವೇ ಸರಿ ಎಂದು ಅವನಿಗೆ ತೋರಿತು.

ಗಾಳಿಯ ಮೇಲೆ ಗಾಡಿ ಕೂರಿಸುವ ವಿದ್ಯೆ ಮುಂಬಯಿ ಕನ್ನಡಿಗರಿಗೆ ಅಪರಿಚಿತವಲ್ಲ. ಊರಿಗೆ ಹೋಗುವ ರಾತ್ರಿ ಬಸ್ಸು ನಿಂತಾಗ ಅಡಿಯಿಂದ ‘ಸ್ಸ್’ ಎನ್ನುವ ಸದ್ದು ಕೇಳಿದವರಿಗೆಲ್ಲ ಅದರ ಪರಿಚಯವಿದೆ. 2001ರಲ್ಲಿ ವೋಲ್ವೊ ತನ್ನ ಬಿ7ಆರ್ ಬಸ್ಸನ್ನು ಭಾರತಕ್ಕೆ ತಂದ ಮೇಲೆ, ಹೊಸಕೋಟೆಯಲ್ಲಿ ತಯಾರಾಗತೊಡಗಿದ ಆ ಬಸ್ಸುಗಳು ನಮ್ಮ ಕಡೆಯ ಪ್ರಯಾಣಿಕರಿಗೆ ಏರ್ ಸಸ್ಪೆನ್ಷನ್ನಿನ ರುಚಿ ಹತ್ತಿಸಿದವು. ಆದರೆ ಬಸ್ಸಿನದಕ್ಕೂ ಪಿಕಪ್ಪಿನದಕ್ಕೂ ದೊಡ್ಡ ಅಂತರವಿದೆ. ಬಸ್ಸಿನಲ್ಲಿ ಇಡೀ ಭಾರ ಹೊರುವುದೇ ಗಾಳಿ. ಜನ ಹತ್ತಿ ಇಳಿದಂತೆ ಒಂದು ಕವಾಟ ತಾನೇ ಗಾಳಿ ತುಂಬುತ್ತ ಬಿಡುತ್ತ ಎತ್ತರ ಕಾಯುತ್ತದೆ. ಪಿಕಪ್ಪಿಗೆ ನಾವು ಹಾಕಿಸುವುದು ಸಹಾಯಕ ಚೀಲ ಮಾತ್ರ. ಪಾಟಾ ಇದ್ದಲ್ಲೇ ಇರುತ್ತದೆ, ಅದರ ಜೊತೆಗೆ ಚಾಸಿ ಮತ್ತು ಆ್ಯಕ್ಸಲ್ ನಡುವೆ ಎಡಕ್ಕೊಂದು ಬಲಕ್ಕೊಂದು ಚೀಲ ಕೂರುತ್ತದೆ. ಗಾಳಿ ಎಷ್ಟು ಎಂಬುದನ್ನು ಡ್ರೈವರೇ ಪಂಪು ಹಿಡಿದು ತೀರ್ಮಾನಿಸಬೇಕು.

ಕೊಳ್ಳುವ ಮೊದಲು ಕಾಟಾಕ್ಕೆ ಹೋಗಿ ಬನ್ನಿ ಎಂದವರು ಸಾಕಿನಾಕಾದ ಒಬ್ಬ ಹಿರಿಯ ಮೆಕ್ಯಾನಿಕ್. ಈ ಇಡೀ ವ್ಯವಹಾರದಲ್ಲಿ ನಾವು ಕೇಳಿದ ಅತ್ಯಂತ ಬೆಲೆಯುಳ್ಳ ಮಾತು ಅದೇ, ಅದಕ್ಕೆ ಅವರು ದುಡ್ಡೂ ಕೇಳಲಿಲ್ಲ. ಲಾರಿ ತೂಗುವ ಕಾಟಾದ ಮೇಲೆ ಮೊದಲು ಟ್ರಾಲಿ ಬಿಚ್ಚಿದ ಗಾಡಿ, ಆಮೇಲೆ ಅದರ ಮುಂದಿನ ಗಾಲಿ ಮಾತ್ರ, ಬಳಿಕ ಟ್ರಾಲಿ ಪೂರ್ತಿ, ಕೊನೆಗೆ ಟ್ರಾಲಿಯ ಮೂತಿಯ ಜಾಕಿ ಮಾತ್ರ: ಹೀಗೆ ಬಿಡಿಬಿಡಿಯಾಗಿ ತೂಗಿಸಬೇಕು. ಕಾಟಾದವನಿಗೆ ಇದು ತಲೆಹರಟೆ ಎನಿಸಿದರೂ ಚಹಾ ಕುಡಿಸಿದರೆ ಒಪ್ಪುತ್ತಾನೆ. ಅಂಕಿಗಳು ಹತ್ತಿಪ್ಪತ್ತು ಕೆಜಿ ಆಚೀಚೆ ಇರಬಹುದು, ಅಡ್ಡಿಯಿಲ್ಲ.

ಟ್ರಾಲಿಯ ಒಟ್ಟು ತೂಕ ಸುಮಾರು 1,400 ಕೆಜಿ ಬಂತು. ಮೂತಿಯ ಮೇಲೆ ಬೀಳುತ್ತಿದ್ದದ್ದು ಸುಮಾರು 240 ಕೆಜಿ. ಟ್ರಾಲಿ ಎಳೆಯುವವರಲ್ಲಿ ರೂಢಿಯಲ್ಲಿರುವ ಒಂದು ಲೆಕ್ಕದ ಪ್ರಕಾರ ಮೂತಿಯ ಭಾರ ಒಟ್ಟು ತೂಕದ ಶೇ 10ರಿಂದ 15ರೊಳಗೆ ಇರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರಾಲಿ ಅತ್ತಿತ್ತ ಓಲಾಡುತ್ತದೆ. ಹೆಚ್ಚಾದರೆ ಎಳೆಯುವ ಗಾಡಿಯ ಹಿಂಭಾಗ ಕುಸಿಯುತ್ತದೆ. ನಮ್ಮದು ಶೇ 17.

ಈ 240 ಕೆಜಿ ಗಾಡಿಗೆ ಏನು ಮಾಡುತ್ತದೆಂದು ಮೆಕ್ಯಾನಿಕ್ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಸರಿಸುಮಾರು 3 ಮೀಟರ್. ಹಿಂದಿನ ಆ್ಯಕ್ಸಲಿನಿಂದ ಕೊಂಡಿಗೆ 1.2 ಮೀಟರ್. ಕೊಂಡಿಯ ಮೇಲಿನ ಭಾರ ಹಿಂದಿನ ಗಾಲಿಯನ್ನು ಆಧಾರ ಮಾಡಿಕೊಂಡು ಮುಂಭಾಗವನ್ನು ಸನ್ನೆಗೋಲಿನಂತೆ ಎತ್ತುತ್ತದೆ. 240ರ ಶೇ 40, ಅಂದರೆ 96 ಕೆಜಿ ಮುಂದಿನ ಗಾಲಿಗಳಿಂದ ಮೇಲೇಳುತ್ತದೆ; ಹಿಂದಿನ ಆ್ಯಕ್ಸಲ್ ಮೇಲೆ 336 ಕೆಜಿ ಕೂರುತ್ತದೆ. ಸ್ಟೇರಿಂಗ್ ಹಗುರಾಗುತ್ತಿದ್ದ ಗುಟ್ಟು ಇದು.

ಗಾಳಿಚೀಲ ಮಾರುವವರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಯೂ ಇಲ್ಲೇ ಇದೆ. ಚೀಲಕ್ಕೆ ಗಾಳಿ ತುಂಬಿದರೆ ಗಾಡಿ ನೋಡಲು ನೆಟ್ಟಗಾಗುತ್ತದೆ, ಹೆಡ್‌ಲೈಟು ರಸ್ತೆಗೆ ಮರಳುತ್ತದೆ, ಹೊಂಡಕ್ಕೆ ಬಿದ್ದಾಗ ಆ್ಯಕ್ಸಲ್ ಚಾಸಿಗೆ ಬಡಿಯುವುದು ತಪ್ಪುತ್ತದೆ. ಆದರೆ ಮುಂದಿನ ಗಾಲಿಗಳಿಂದ ಎದ್ದುಹೋದ 96 ಕೆಜಿ ವಾಪಸು ಬರುವುದಿಲ್ಲ. ಟೈರು, ಬೇರಿಂಗು, ಆ್ಯಕ್ಸಲ್ ಹೊರುವ ಭಾರ ಒಂದು ಕೆಜಿಯೂ ಇಳಿಯುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಮಿತಿಯೂ ಇದ್ದಷ್ಟೇ. ಏರ್ ಲಿಫ್ಟ್ ಕಂಪನಿಯ ಲೋಡ್‌ಲಿಫ್ಟರ್ 5000 ಎಂಬ ಹೆಸರಿನಲ್ಲಿರುವ 5,000 ಪೌಂಡು, ಅಂದರೆ ಸುಮಾರು 2,270 ಕೆಜಿ, ಚೀಲಗಳ ಜೋಡಿ ಸಮಮಟ್ಟಕ್ಕೆ ತರಬಲ್ಲ ಭಾರ. ಗಾಡಿಗೆ ಹೆಚ್ಚುವರಿಯಾಗಿ ಹೇರಬಹುದಾದ ಭಾರವಲ್ಲ ಎಂದು ಅದೇ ಕಂಪನಿ ಎಚ್ಚರಿಸುತ್ತದೆ.

ಆದ್ದರಿಂದ ಮೊದಲ ರಿಪೇರಿ ನಡೆದದ್ದು ಟ್ರಾಲಿಗೆ. ಜನರೇಟರನ್ನು ಅದರ ತಳದ ಬೋಲ್ಟು ಬಿಚ್ಚಿ ಒಂದು ಗೇಣು ಹಿಂದಕ್ಕೆ ಸರಿಸಿದರು. ಜನರೇಟರ್ ಒಂದೇ ಸುಮಾರು ಒಂದು ಟನ್ ಇದ್ದದ್ದರಿಂದ ಆ ಒಂದು ಗೇಣಿಗೆ ಮೂತಿಯ ಭಾರ 150 ಕೆಜಿಗೆ ಇಳಿಯಿತು. ಮುಂಭಾಗದಿಂದ ಏಳುವ ಭಾರವೂ 60 ಕೆಜಿಗೆ ಬಂತು. ಖರ್ಚು ಹೊಸ ಬೋಲ್ಟುಗಳದ್ದು, ಒಂದು ಹೊತ್ತಿನ ಕೂಲಿಯದ್ದು. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಬಹುದು. ಅಣ್ಣನ ತೊಟ್ಟಿಯ ಸಾಮಾನು, ಮೂತಿಯ ಭಾರ ಎರಡೂ ಸೇರಿ ಮಿತಿಯೊಳಗೇ ಇದ್ದರೂ ಹಿಂಭಾಗ ಇನ್ನೂ ಸ್ವಲ್ಪ ತಗ್ಗುತ್ತಿದ್ದುದರಿಂದ ಚೀಲದ ವಿಚಾರ ಮುಂದುವರಿಯಿತು.

   

ಚೀಲಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ಕಾರುಗಳಿಗೆ ಸುರುಳಿಯ ಒಳಗೆ ತೂರಿಸುವ ಸಿಲಿಂಡರ್ ಆಕಾರದ್ದು. ಇದಕ್ಕೆ ಗಾಳಿ 35 ಪಿಎಸ್‌ಐ ಆಸುಪಾಸಿಗೇ ಮುಗಿಯುತ್ತದೆ. ಪಾಟಾ ಇರುವ ಪಿಕಪ್ಪಿಗೆ ಇದು ಉಪಯೋಗವಿಲ್ಲ. ಎರಡನೆಯದು ನಡುವೆ ಪಟ್ಟಿ ಬಿಗಿದು ಎರಡು ಮಡಿಕೆಯಾದ ರಬ್ಬರ್ ಬೆಲ್ಲೊ: ಗಿಡ್ಡ, ಅಗಲ, ಹೆಚ್ಚು ಭಾರ ಹೊರಬಲ್ಲದು, 100 ಪಿಎಸ್‌ಐವರೆಗೆ ತಾಳುತ್ತದೆ. ಮೂರನೆಯದು ತೋಳಿನಂತೆ ಉದ್ದವಾದ ಚೀಲ. ಹೊರುವುದು ಕಡಿಮೆ, ಏರಿಳಿತದ ಅವಕಾಶ ಹೆಚ್ಚು, ನಡಿಗೆ ಮೆತ್ತಗೆ. ಫೈರ್‌ಸ್ಟೋನಿನ ರೈಡ್-ರೈಟ್, ಏರ್ ಲಿಫ್ಟ್, ಆಸ್ಟ್ರೇಲಿಯದ ಏರ್‌ಬ್ಯಾಗ್ ಮ್ಯಾನ್ ಮುಂತಾದ ಹೆಸರುಗಳು ಕೇಳಿಬರುತ್ತವೆ. ಡಿ-ಮ್ಯಾಕ್ಸ್, ಹೈಲಕ್ಸ್‌ನಂಥ ಗಾಡಿಗಳು ಆಸ್ಟ್ರೇಲಿಯದಲ್ಲಿ ಕ್ಯಾರವಾನು, ದೋಣಿ ಎಳೆಯುವುದರಿಂದ ಅವುಗಳಿಗೆಂದೇ ಮಾಡಿದ ಕಿಟ್ ಸಿಗುತ್ತದೆ. ಎಲ್ಲದಕ್ಕೂ ಕೂರುತ್ತದೆ ಎಂದು ಮಾರುವ, ವೆಲ್ಡಿಂಗ್ ಬೇಡುವ ಕಿಟ್ಟನ್ನು ದೂರವಿಡುವುದು ಲೇಸು. ಚಾಸಿಗೆ ವೆಲ್ಡಿಂಗ್ ತಾಗಿಸಿದ ಗಾಡಿಯನ್ನು ನಾನಾದರೆ ಕೊಳ್ಳುವುದಿಲ್ಲ.

ಅಣ್ಣ ಆರಿಸಿದ್ದು ಎರಡು ಮಡಿಕೆಯ, ಬೋಲ್ಟಿನಲ್ಲೇ ಕೂರುವ ಬಗೆ. ಶಕ್ತಿಯ ಲೆಕ್ಕ ಸುಲಭ: 15 ಸೆಂಟಿಮೀಟರ್ ಅಡ್ಡಳತೆಯ ಚೀಲದ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ. 50 ಪಿಎಸ್‌ಐ ಅಂದರೆ ಚದರ ಸೆಂ.ಮೀ.ಗೆ ಮೂರೂವರೆ ಕೆಜಿ. ಗುಣಿಸಿದರೆ ಒಂದೊಂದು ಚೀಲ 600 ಕೆಜಿ ಮೀರಿ ಒತ್ತುತ್ತದೆ. ಈ ಒತ್ತಡವೆಲ್ಲ ಚಾಸಿಯ ಒಂದೇ ಜಾಗಕ್ಕೆ, ಆ್ಯಕ್ಸಲಿನ ನೇರ ಮೇಲೆ ಬೀಳುತ್ತದೆ. ಪಾಟಾವಾದರೆ ಅದನ್ನು ತನ್ನ ಎರಡು ತುದಿಗಳಿಗೆ ಹಂಚುತ್ತಿತ್ತು. ಹೊರದೇಶಗಳಲ್ಲಿ ಅತಿ ಭಾರ ಹೇರಿ, ಚೀಲಕ್ಕೆ ಗಡುಸಾಗಿ ಗಾಳಿ ತುಂಬಿ ಒರಟು ದಾರಿಯಲ್ಲಿ ಓಡಿಸಿದ ಪಿಕಪ್ಪುಗಳ ಚಾಸಿ ಅಲ್ಲೇ ಬಾಗಿದ ಉದಾಹರಣೆಗಳಿವೆ.

ಕೂರಿಸುವ ಕೆಲಸ ಕೈ ಪಳಗಿದ ಇಬ್ಬರಿಗೆ ಅರ್ಧ ದಿನದ್ದು. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಆ್ಯಕ್ಸಲ್ ತೂಗುಬಿಡಬೇಕು. ಆ್ಯಕ್ಸಲ್ ಬಡಿಯದಂತೆ ಕಂಪನಿ ಕೊಟ್ಟ ರಬ್ಬರ್ ತುಂಡನ್ನು ಬಿಚ್ಚಿ, ಅದೇ ತೂತುಗಳಿಗೆ ಮೇಲಿನ ಬ್ರಾಕೆಟ್ಟು. ಕೆಳಗಿನ ಬ್ರಾಕೆಟ್ಟು ಆ್ಯಕ್ಸಲಿಗೆ; ಅಲ್ಲಿ ಹಾದ ಬ್ರೇಕ್ ಪೈಪು ಅದರಡಿ ಅಪ್ಪಚ್ಚಿಯಾಗದಂತೆ ನೋಡಬೇಕು. ಸೈಲೆನ್ಸರ್ ಪೈಪಿನ ಕಡೆ ಒಂದು ಗೇಣಿನ ಅಂತರವಿಲ್ಲದಿದ್ದರೆ ತಗಡಿನ ಅಡ್ಡಗೋಡೆ ಬೇಕೇಬೇಕು. ಗಾಳಿಯ ನೈಲಾನ್ ಕೊಳವೆಯನ್ನು ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಜನ್ಮವಿಡೀ ಸೋರುತ್ತದೆ. ಹೊಸ ಬ್ಲೇಡಿನಲ್ಲಿ ನೇರಕ್ಕೆ ಕೊಯ್ಯಬೇಕು. ಕೊನೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪ್ರತಿ ಜೋಡಣೆಯನ್ನೂ ನೋಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒತ್ತಡ ಅಳೆಯಬೇಕು.

ಎರಡೂ ಚೀಲಕ್ಕೆ ಒಂದೇ ಕೊಳವೆ ಕವಲೊಡೆಸಿ ಕೊಟ್ಟರೆ ಒಂದು ವಾಲ್ವ್ ಉಳಿಯುತ್ತದೆ, ನಿಜ. ಆದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಅಣ್ಣ ಎಡಬಲಕ್ಕೆ ಬೇರೆಬೇರೆ ವಾಲ್ವ್ ಇರಿಸಿದ. ಒಂದು ಕಡೆ ಕೇಬಲ್ ಹೆಚ್ಚು ಹೇರಿದ ದಿನ ಅದು ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ.

ಹೆಚ್ಚಿನ ಗ್ಯಾರೇಜುಗಳು ಮರೆಯುವುದು ಹಿಂದಿನ ಬ್ರೇಕಿನ ವಾಲ್ವನ್ನು. ಅನೇಕ ಪಿಕಪ್ಪುಗಳಲ್ಲಿ ಚಾಸಿಯಿಂದ ಆ್ಯಕ್ಸಲಿಗೆ ಒಂದು ಸಣ್ಣ ಸರಳು ಹೋಗಿರುತ್ತದೆ. ಭಾರ ಬಿದ್ದು ಹಿಂಭಾಗ ತಗ್ಗಿದರೆ ಸರಳು ತಿರುಗಿ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಿದ್ದರೆ ಕಡಿಮೆ. ಎಲ್‌ಎಸ್‌ಪಿವಿ ಎಂದು ಕರೆಯುವ ಈ ವಾಲ್ವಿಗೆ ತೂಕ ಗೊತ್ತಾಗುವುದು ಎತ್ತರದಿಂದ ಮಾತ್ರ. ಚೀಲ ಹಾಕಿ ಹಿಂಭಾಗವನ್ನು ಖಾಲಿ ಗಾಡಿಯ ಎತ್ತರಕ್ಕೆ ತಂದರೆ, ಪೂರ್ತಿ ಭಾರ ಹೊತ್ತ ಗಾಡಿಯನ್ನೂ ಅದು ಖಾಲಿಯೆಂದೇ ತಿಳಿದು ಹಿಂದಿನ ಬ್ರೇಕನ್ನು ಹಗುರ ಮಾಡುತ್ತದೆ. ಹಿಂದೆ ಸುಮಾರು ಒಂದೂವರೆ ಟನ್ ಟ್ರಾಲಿ ತಳ್ಳುತ್ತಿರುವಾಗ ಆಗಬಾರದ್ದು ಇದೇ. ಅಂಥ ವಾಲ್ವ್ ಇರುವ ಗಾಡಿಯಾದರೆ ಅದನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ತೋರಿಸಿ ಹೊಂದಿಸದೆ ಟ್ರಾಲಿ ಎಳೆಯಬಾರದು. ಮತ್ತು ಚೀಲದಿಂದ ಗಾಡಿಯನ್ನು ಖಾಲಿ ಎತ್ತರಕ್ಕೆ ಪೂರ್ತಿ ಎತ್ತದೆ ಒಂದೆರಡು ಬೆರಳು ತಗ್ಗಿಸಿಯೇ ಬಿಡಬೇಕು. ಟ್ರಾಲಿಗೂ ತನ್ನದೇ ಬ್ರೇಕ್ ಬೇಕು. ಯುರೋಪ್, ಆಸ್ಟ್ರೇಲಿಯಗಳಲ್ಲಿ 750 ಕೆಜಿ ಮೀರಿದ ಟ್ರಾಲಿಗೆ ಬ್ರೇಕ್ ಕಡ್ಡಾಯ. ಅಣ್ಣನ ಟ್ರಾಲಿಯಲ್ಲಿ, ಗಾಡಿ ನಿಧಾನವಾದಾಗ ಟ್ರಾಲಿ ಮುಂದೊತ್ತುವ ಬಲದಿಂದಲೇ ಹಿಡಿಯುವ ಬ್ರೇಕಿದೆ.

ಕಾಗದದ ಕೆಲಸ ನನ್ನ ಪಾಲಿನದು. ಟ್ರಾಲಿಯೂ ಕಾನೂನಿನ ಕಣ್ಣಲ್ಲಿ ವಾಹನವೇ. ಎಂಎಚ್ 02ರ ಅಂಧೇರಿ ಆರ್‌ಟಿಒದಲ್ಲಿ ಅದಕ್ಕೂ ನೋಂದಣಿ ಬೇಕು. ಆರ್‌ಸಿಯಲ್ಲಿರುವ ತಯಾರಕರ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದ್ದರಿಂದ ಕಿಟ್ಟಿನ ವಿವರವನ್ನು ಕೊಳ್ಳುವ ಮೊದಲೇ ಆರ್‌ಟಿಒಗೂ ವಿಮೆಯವರಿಗೂ ತೋರಿಸಿ ಕೇಳಬೇಕು. ಅಪಘಾತವಾದ ಮೇಲೆ ಸರ್ವೇಯರ್ ಮೊದಲು ಬಗ್ಗಿ ನೋಡುವುದು ಗಾಡಿಯ ಅಡಿಯನ್ನೇ. ಇನ್ನು ಅತಿಭಾರಕ್ಕೆ 2019ರ ಸೆಪ್ಟೆಂಬರಿನಿಂದ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ನಿತ್ಯದ ಬಳಕೆಯ ರೂಢಿ ಬೇಗ ಬಂತು. ಖಾಲಿ ಗಾಡಿಯಲ್ಲಿ ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಎತ್ತರವೆಂದು ಅಳೆದು ಬಾಗಿಲ ಒಳಗೆ ಬರೆದಿಟ್ಟಾಗಿದೆ. ಟ್ರಾಲಿ ಸಿಕ್ಕಿಸಿ, ಟೇಪು ಹಿಡಿದು, ಸಾಕಾಗುವಷ್ಟು ಗಾಳಿ. ಪೆಟ್ರೋಲ್ ಬಂಕಿನ ದೊಡ್ಡ ಕಂಪ್ರೆಸರಿಗೆ ಈ ಚೀಲ ಕೊಡಬಾರದು. ಒಳಗಿನ ಜಾಗ ಕಿರಿದು, ಒಂದೆರಡು ಸೆಕೆಂಡಿನಲ್ಲಿ ಮಿತಿ ಮೀರುತ್ತದೆ. ಸೈಕಲ್ ಪಂಪು ಸಾಕು. ಟ್ರಾಲಿ ಬಿಚ್ಚಿದ ಮೇಲೆ ಗಾಳಿ ಇಳಿಸಬೇಕು, ಆದರೆ 5 ಪಿಎಸ್‌ಐಗಿಂತ ಕೆಳಗಲ್ಲ; ಪೂರ್ತಿ ಖಾಲಿಯಾದ ರಬ್ಬರ್ ಮಡಿಕೆಯ ನಡುವೆ ಸಿಕ್ಕಿ ಸವೆಯುತ್ತದೆ. ಅಂಧೇರಿ ಸಬ್‌ವೇಯಲ್ಲಿ ನೀರು ನಿಲ್ಲುವ ಮಳೆಗಾಲದಲ್ಲಿ ಕೆಸರೂ ಜಲ್ಲಿಯೂ ಆ ಮಡಿಕೆಗಳಲ್ಲೇ ಕೂರುತ್ತವೆ, ಹಾಗಾಗಿ ವಾರಕ್ಕೊಮ್ಮೆ ಕೊಳವೆ ನೀರಿನಲ್ಲಿ ತೊಳೆಯುವುದು ಹುಡುಗರ ಕೆಲಸ. ವರ್ಸೋವಾ ಜೆಟ್ಟಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಮಢ್‌ಗೆ ಟ್ರಾಲಿ ಹೋಗಬೇಕಾದರೆ ಮಲಾಡ್, ಮಾರ್ವೆ ಸುತ್ತಬೇಕು; ಆ ದಾರಿಯಲ್ಲಿ ಈಗ ಎದುರಿನವರು ಲೈಟು ಮಿಣುಕಿಸುವುದಿಲ್ಲ.

ಸುದ್ದಿ ತಿಳಿದು ಬೈಂದೂರು ಕಡೆಯ ಒಬ್ಬ ಕೇಟರಿಂಗಿನವರು ತಮ್ಮ ಪಿಕಪ್ಪಿಗೂ ಇಂಥದ್ದೇ ಬೇಕೆಂದು ಬಂದರು. ತಪಲೆ, ಒಲೆ, ಸಿಲಿಂಡರು, ನೀರಿನ ಡ್ರಮ್ಮು ಹೇರಿದರೆ ಅವರ ಗಾಡಿಯೂ ಕೂರುತ್ತದೆ. ಅಣ್ಣ ಅವರನ್ನು ನೇರ ಕಾಟಾಕ್ಕೆ ಕರೆದೊಯ್ದ. ಚೀಟಿ ಬಂದಾಗ ಭಾರ ಆರ್‌ಸಿಯ ಮಿತಿಗಿಂತ ಬಹಳ ಮೇಲಿತ್ತು. “ಇದ್ಕೆ ಗಾಳಿ ಬೇಡ, ಇನ್ನೊಂದ್ ಗಾಡಿ ಬೇಕ್” ಎಂದ ಅಣ್ಣ. ಅವರು ಮುಖ ಸಣ್ಣ ಮಾಡಿಕೊಂಡೇ ಹೋದರು. ಈಗ ದೊಡ್ಡ ಮದುವೆಗಳಿಗೆ ಡ್ರಮ್ಮು, ಸಿಲಿಂಡರಿಗೆಂದು ಬೇರೆ ಟೆಂಪೊ ಗೊತ್ತುಮಾಡಿ, ಅದರ ಬಾಡಿಗೆಯನ್ನು ಎಲೆಯ ಲೆಕ್ಕದ ಬಿಲ್ಲಿಗೇ ಸೇರಿಸುತ್ತಾರೆ.