ಲಿಬ್ರೆಆಫೀಸ್ ತೆರೆಯುತ್ತಿಲ್ಲವೇ? ಕಿತ್ತುಹಾಕುವ ಮುನ್ನ ಇಷ್ಟು ನೋಡಿ

ಲಿನಕ್ಸ್ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸ್ ಐಕಾನ್ ಒತ್ತಿದಾಗ ಅದರ ಲಾಂಛನ ಕ್ಷಣಕಾಲ ಕಾಣಿಸಿ ಮಾಯವಾದರೆ ಅನೇಕರಿಗೆ ಮೊದಲು ಹೊಳೆಯುವುದು ತಂತ್ರಾಂಶ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವುದು. ಆದರೆ ಅದು ಕೊನೆಯ ಹೆಜ್ಜೆಯಾಗಬೇಕು. ತಂತ್ರಾಂಶದ ಕಡತಗಳು ಸಿಸ್ಟಂ ಫೋಲ್ಡರುಗಳಲ್ಲಿರುತ್ತವೆ. ನಿಮ್ಮ ಸೆಟ್ಟಿಂಗ್, ಎಕ್ಸ್‌ಟೆನ್ಷನ್, ಪದಪಟ್ಟಿಗಳು ಹೋಮ್ ಫೋಲ್ಡರಿನಲ್ಲಿರುತ್ತವೆ. ಉಬುಂಟುವಿನ ಪ್ಯಾಕೇಜ್ ನಿರ್ವಾಹಕವಾದ ಎಪಿಟಿ ಮೂಲಕ ತಂತ್ರಾಂಶ ತೆಗೆದರೂ ಹೋಮ್ ಫೋಲ್ಡರಿನ ಈ ಕಡತಗಳು ಉಳಿಯುತ್ತವೆ. ಕೆಟ್ಟಿರುವುದು ಅಲ್ಲಿಯೇ ಆದರೆ ಹೊಸದಾಗಿ ಹಾಕಿದ ತಂತ್ರಾಂಶವೂ ಅದನ್ನೇ ಓದಿ ಮುಗ್ಗರಿಸುತ್ತದೆ. ಹೋಮ್‌ನೊಳಗೆ ಸೆಟ್ಟಿಂಗ್‌ಗಳಿರುವ ಫೋಲ್ಡರಿನ ಹೆಸರೇ ಇದಕ್ಕೆ ಸಾಕ್ಷಿ: 2024ರಲ್ಲಿ ಆವೃತ್ತಿ ಸಂಖ್ಯೆ 24.2ಕ್ಕೆ ಜಿಗಿದರೂ ಸೆಟ್ಟಿಂಗ್‌ಗಳು ‘4’ ಎಂಬ ಫೋಲ್ಡರಿನಲ್ಲೇ ಉಳಿದವು. ಆವೃತ್ತಿ ಬದಲಾದರೂ ಹಳೆಯ ದೋಷ ಜೊತೆಯಲ್ಲೇ ಬರಬಲ್ಲದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮೊದಲು ಸಿಸ್ಟಂ ಮಾನಿಟರ್ ತೆರೆದು ಎಸ್‌ಆಫೀಸ್.ಬಿನ್ ಎಂಬ ಪ್ರೋಸೆಸ್ ಹಿನ್ನೆಲೆಯಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಇದ್ದರೆ ಅದನ್ನು ಮುಗಿಸಿ ಮತ್ತೆ ಪ್ರಯತ್ನಿಸಿ. ಎರಡನೆಯದಾಗಿ, ಡಿಸ್ಕಿನಲ್ಲಿ ಜಾಗ ಉಳಿದಿದೆಯೇ ಪರೀಕ್ಷಿಸಿ; ಬರೆಯಲು ಜಾಗವಿಲ್ಲದಿದ್ದರೆ ತಂತ್ರಾಂಶ ತೆರೆಯದೆ ಹೋಗಬಹುದು. ಮೂರನೆಯದಾಗಿ, ಟರ್ಮಿನಲ್ ತೆರೆದು (ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ), ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಲಿಬ್ರೆಆಫೀಸ್ ಎಂದು ಸ್ಪೇಸ್ ಇಲ್ಲದೆ ಟೈಪ್ ಮಾಡಿ ಎಂಟರ್ ಒತ್ತಿ. ಐಕಾನ್ ಒತ್ತಿದಾಗ ಕಣ್ಣಿಗೆ ಬೀಳದ ದೋಷಸಂದೇಶ ಇಲ್ಲಿ ಕಾಣಿಸಬಹುದು. ‘ಪರ್ಮಿಷನ್ ಡಿನೈಡ್’ ಎಂದಿದ್ದರೆ, ಹಿಂದೊಮ್ಮೆ ಸುಡೊ ಆದೇಶ ಬಳಸಿ ತೆರೆದದ್ದರಿಂದ ಸೆಟ್ಟಿಂಗ್ ಕಡತಗಳ ಒಡೆತನ ರೂಟ್ ಎಂಬ ನಿರ್ವಾಹಕ ಖಾತೆಗೆ ಹೋಗಿರಬಹುದು. ಶೇರ್ಡ್ ಲೈಬ್ರರಿ ಸಿಗಲಿಲ್ಲ ಎಂದಿದ್ದರೆ ಮಾತ್ರ ಮರುಇನ್‌ಸ್ಟಾಲ್‌ಗೆ ಅರ್ಥವಿದೆ.

ಸಂದೇಶವೇ ಬರದಿದ್ದರೆ ಸೇಫ್ ಮೋಡ್ ಬಳಸಿ. 2017ರ 5.3 ಆವೃತ್ತಿಯಿಂದ ಇದು ಲಭ್ಯ. ಟರ್ಮಿನಲ್ಲಿನಲ್ಲಿ ಅದೇ ಹೆಸರಿನ ನಂತರ ಒಂದು ಸ್ಪೇಸ್, ಎರಡು ಅಡ್ಡಗೆರೆ, ಸೇಫ್, ಒಂದು ಅಡ್ಡಗೆರೆ, ಮೋಡ್ ಎಂದು ಟೈಪ್ ಮಾಡಿ. ಆಗ ತಂತ್ರಾಂಶ ನಿಮ್ಮ ಸೆಟ್ಟಿಂಗ್ ಬದಿಗಿಟ್ಟು ತಾತ್ಕಾಲಿಕ ಪ್ರೊಫೈಲಿನಲ್ಲಿ, ಅಂದರೆ ಬೇರೊಂದು ಸೆಟ್ಟಿಂಗ್ ಗುಂಪಿನಲ್ಲಿ, ತೆರೆಯುತ್ತದೆ. ತೆರೆದರೆ ದೋಷ ನಿಮ್ಮ ಪ್ರೊಫೈಲಿನಲ್ಲೇ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಲ್ಲಿಯೇ ಎಕ್ಸ್‌ಟೆನ್ಷನ್ ಅಥವಾ ಹಾರ್ಡ್‌ವೇರ್ ಆಕ್ಸಿಲರೇಷನ್ ನಿಲ್ಲಿಸಿ ಒಂದೊಂದಾಗಿ ಪರೀಕ್ಷಿಸಬಹುದು. ಅದಕ್ಕೂ ಬಗ್ಗದಿದ್ದರೆ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿರುವ ಕಾನ್ಫಿಗ್ ಫೋಲ್ಡರಿನೊಳಗಿನ ಲಿಬ್ರೆಆಫೀಸ್ ಫೋಲ್ಡರಿನ ಹೆಸರು ಬದಲಿಸಿ. ಮುಂದಿನ ಸಲ ತೆರೆದಾಗ ಹೊಸ ಪ್ರೊಫೈಲ್ ತಾನಾಗಿ ಹುಟ್ಟುತ್ತದೆ. ಸ್ನ್ಯಾಪ್ ಅಥವಾ ಫ್ಲಾಟ್‌ಪ್ಯಾಕ್ ಪ್ಯಾಕೇಜ್ ಆಗಿ ಹಾಕಿಕೊಂಡಿದ್ದರೆ ಈ ಫೋಲ್ಡರ್ ಬೇರೆ ಕಡೆ ಇರುತ್ತದೆ.

ಇಷ್ಟೆಲ್ಲ ಯಾಕೆ, ಮರುಇನ್‌ಸ್ಟಾಲ್ ಸುಲಭವಲ್ಲವೇ ಎಂದು ಕೇಳಬಹುದು. ಸುಲಭ ನಿಜ, ಆದರೆ ದೋಷ ಎಲ್ಲಿತ್ತೆಂದು ಅದು ಹೇಳುವುದಿಲ್ಲ. ಅದೇ ತೊಂದರೆ ಮರಳಿದಾಗ ಮತ್ತೆ ಮೊದಲಿನಿಂದ ತಡಕಾಡಬೇಕು. ಫೋಲ್ಡರ್ ಬದಲಿಸಿದರೆ ವರ್ಷಗಟ್ಟಲೆ ಸೇರಿಸಿದ ಕನ್ನಡ ಪದಗಳು ಹೋಗಿಬಿಡುತ್ತವೆ ಎಂಬ ಆತಂಕವೂ ಸಹಜ. ಅದಕ್ಕೆಂದೇ ಅಳಿಸದೆ ಹೆಸರು ಮಾತ್ರ ಬದಲಿಸಬೇಕು: ಹಳೆಯ ಪ್ರೊಫೈಲಿನ ವರ್ಡ್‌ಬುಕ್ ಫೋಲ್ಡರಿನಲ್ಲಿ ಆ ಪದಗಳು ಭದ್ರವಾಗಿರುತ್ತವೆ, ಹೊಸದಕ್ಕೆ ನಕಲು ಮಾಡಿದರೆ ಸಾಕು. ನಿಮ್ಮ ದಾಖಲೆಗಳು ಬೇರೆ ಫೋಲ್ಡರುಗಳಲ್ಲಿದ್ದು, ಅವಕ್ಕೆ ಏನೂ ಆಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶ ಬರೆದಿಟ್ಟುಕೊಳ್ಳಿ, ಏನನ್ನೂ ಅಳಿಸಬೇಡಿ.