ಕಾಡು ಉಳಿಸುವವರೂ ಉಳಿಯಬೇಕು: ಮಾಡಬೇಕಾದ್ದು, ಮಾಡಬಾರದ್ದು

ಪಶ್ಚಿಮ ಘಟ್ಟದ ಕಾಡು, ನದಿಗಳ ಪರವಾಗಿ ದುಡಿಯುತ್ತಿರುವ ಎಲ್ಲ ಸಮಿತಿಗಳ ಗಮನಕ್ಕೆ. ಕಾರ್ಯಕರ್ತರು ಬೇಸತ್ತು ಬಿಟ್ಟುಹೋದರೆ ಅದು ಹೊರೆ ಹಂಚದ ಸಮಿತಿಯ ಲೋಪ. ಕೆಳಗಿನ ನಿಯಮಗಳನ್ನು ಎಲ್ಲರೂ ಪಾಲಿಸತಕ್ಕದ್ದು.

ಮಾಡಬೇಕಾದ್ದು

1. ಹೋರಾಟ ವರ್ಷಗಟ್ಟಲೆ ನಡೆಯುತ್ತದೆಂದು ಹೊಸಬರಿಗೆ ಸೇರಿದ ದಿನವೇ ತಿಳಿಸಿ. ಕುದುರೆಮುಖದ ಗಣಿ ಗುತ್ತಿಗೆ ಮುಗಿದದ್ದು 1999ರಲ್ಲಿ, ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2002ರಲ್ಲಿ, ಗಣಿಗಾರಿಕೆ ನಿಂತದ್ದು 2005ರ ಕೊನೆಗೆ.

2. ದೊಡ್ಡ ಗುರಿಯ ಜೊತೆಗೆ ಈ ತಿಂಗಳೇ ಮುಗಿಯುವ ಕೆಲಸವೊಂದನ್ನು ಇಟ್ಟುಕೊಳ್ಳಿ: ಗ್ರಾಮಸಭೆಯ ನಿರ್ಣಯ, ಮಾಹಿತಿ ಹಕ್ಕು ಅರ್ಜಿ, ಆಕ್ಷೇಪಣಾ ಪತ್ರ. ಮುಗಿದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

3. ಕೋರ್ಟು, ಪತ್ರಿಕೆ, ಊರೂರು ತಿರುಗಾಟ, ಪ್ರತಿ ಕೆಲಸಕ್ಕೂ ಇಬ್ಬರನ್ನು ನೇಮಿಸಿ. ಸರದಿಯ ಮೇಲೆ ಬಿಡುವು ಕಡ್ಡಾಯ.

4. ಮರ ಉರುಳಿದ ದಿನ, ತೀರ್ಪು ವಿರುದ್ಧ ಬಂದ ದಿನ ತಪ್ಪದೆ ಒಟ್ಟಿಗೆ ಸೇರಿ. ಅಳುವವರು ಅಳಲಿ, ಸಿಟ್ಟಾದವರು ಬೈಯಲಿ. ಮುಂದಿನ ಕಾರ್ಯಕ್ರಮದ ಚರ್ಚೆ ಮರುದಿನಕ್ಕಿರಲಿ.

5. ಸಮೀಕ್ಷೆ, ಫೋಟೊ, ವರದಿ ಯಾವುದೂ ಇಲ್ಲದೆ ಕಾಡಿಗೆ ಸುಮ್ಮನೆ ಹೋಗಿಬನ್ನಿ.

6. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡವೆಂದವರನ್ನು ಒಂಟಿಯಾಗಿ ಬಿಡದೆ 112ಕ್ಕೆ ಕರೆ ಮಾಡಿ.

ಮಾಡಬಾರದ್ದು

1. ರಾತ್ರಿ 9ರ ನಂತರ ವಾಟ್ಸ್‌ಆ್ಯಪ್ ಗುಂಪಿಗೆ ಕಡಿದ ಮರ, ಸತ್ತ ಪ್ರಾಣಿಗಳ ಚಿತ್ರ ಹಾಕಬಾರದು. ತುರ್ತಿದ್ದರೆ ಹೊಣೆ ಹೊತ್ತವರಿಗಷ್ಟೇ ಫೋನ್ ಮಾಡಿ.

2. ಗೆಲುವು ಖಚಿತವೆಂದು ಯಾರಿಗೂ ಮಾತು ಕೊಡಬಾರದು. ಉತ್ತರ ಕನ್ನಡದಲ್ಲೇ ಬೇಡ್ತಿ ಜಲವಿದ್ಯುತ್ ಯೋಜನೆ ಅಂದು ನಿಂತಿತು, ಕೈಗಾ ಅಣು ಸ್ಥಾವರ ನಿಲ್ಲಲಿಲ್ಲ. ಎರಡನ್ನೂ ಹೇಳಿ. ಸುಳ್ಳು ಭರವಸೆ ಮೊದಲ ಸೋಲಿಗೇ ಮುರಿಯುತ್ತದೆ.

3. ಪ್ರತಿ ಕರಪತ್ರದಲ್ಲೂ ‘ಇದೇ ಕೊನೆಯ ಅವಕಾಶ’ ಎಂದು ಬರೆಯಬಾರದು.

4. ಬಿಡುವು ಕೇಳಿದವರನ್ನು ಹಂಗಿಸಬಾರದು. ಮರಳಿ ಬಂದವರಿಂದ ವಿವರಣೆ ಕೇಳಬಾರದು.

5. ಅಡಿಕೆ ಕೊಯ್ಲು, ಭತ್ತದ ನಾಟಿಯ ದಿನಗಳಲ್ಲಿ ಧರಣಿ ಇಡಬಾರದು. ಮನೆಯ ಅನ್ನ ತಪ್ಪಿದರೆ ಊರು ಹೋರಾಟದಿಂದ ದೂರವಾಗುತ್ತದೆ.

6. ಹೋರಾಟವನ್ನು ಒಬ್ಬರ ಹೆಸರಿಗೆ ಕಟ್ಟಬಾರದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಲ್ಕಣಿ ಬಳಿ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದವರು ಊರ ಗಂಡಸರು, ಹೆಂಗಸರು. ಭಾರ ಅವರೆಲ್ಲರ ಮೇಲಿತ್ತು.

ಇನ್ನು ಮುಂದೆ ಪ್ರತಿ ಸಭೆಯ ಮೊದಲ ವಿಷಯ ಒಂದೇ: ಈಗ ಯಾರಿಗೆ ಬಿಡುವು ಬೇಕು, ಅವರ ಕೆಲಸ ಯಾರು ಹೊರುತ್ತಾರೆ? ಇದು ಇತ್ಯರ್ಥವಾಗದೆ ಎರಡನೆಯ ವಿಷಯ ಎತ್ತಿಕೊಳ್ಳುವಂತಿಲ್ಲ.